ಬೀಜಕ್ಕೆ ಬಿಟ್ಟ ಹುಂಜ

ಜೋಳದ ರಾಶಿಗೆ ಮುನ್ನ ಹೊಲವನ್ನೊಮ್ಮೆ ಸುತ್ತಿ ಬಂದು, ತುಂಬಿದ ತೆನೆಗಳನ್ನು ಆರಿಸಿ, ಮುಂದಿನ ವರ್ಷದ ಬೀಜಕ್ಕೆಂದು ಬೇರೆ ಕಟ್ಟಿ ಇಡುವುದು ಸೊಲ್ಲಾಪುರ ಸೀಮೆಯ ಒಕ್ಕಲು ಮನೆತನಗಳು ಬಲ್ಲ ಪದ್ಧತಿ. ಎಂಥ ಕಷ್ಟಕಾಲದಲ್ಲಿಯೂ ಆ ತೆನೆಗಳು ಬೀಸುಕಲ್ಲಿಗೆ ಬೀಳುತ್ತಿರಲಿಲ್ಲ. ಇಂದಿಗೂ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲಿಯೂ ಹಿಂಗಾರಿಗೆ ಬಿತ್ತುವ ಮಾಲದಂಡಿ ಎಂ 35-1 ಜೋಳವು ಇದೇ ಜಿಲ್ಲೆಯ ಮೋಹೋಳದಲ್ಲಿ, ಇಲ್ಲಿನ ಮಾಲದಂಡಿಯೊಳಗಿಂದಲೇ ಆರಿಸಿ ತೆಗೆದ ತಳಿ. ಇದ್ದುದರಲ್ಲಿ ಉತ್ತಮವಾದುದನ್ನು ಗುರುತಿಸಿ ಬೀಜಕ್ಕೆ ಬಿಟ್ಟದ್ದೇ ಅದರ ಹಿರಿಮೆಗೆ ಕಾರಣ.

ಕೋಳಿ ಸಾಕುವ ಮನೆಗಳ ಹಿತ್ತಲಿನಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದುದು. ಬೀಗರು ಬಂದಾಗ, ಜಾತ್ರೆ ಬಂದಾಗ, ಹರಕೆ ತೀರಿಸುವಾಗ ಮೊದಲು ಹಿಡಿಯುವುದು ಎಲ್ಲಕ್ಕಿಂತ ಬೇಗ ಬೆಳೆದು ಎಲ್ಲಕ್ಕಿಂತ ಎತ್ತರವಾಗಿ ನಿಂತ ಹುಂಜವನ್ನು. ಸಂತೆಯ ವ್ಯಾಪಾರಿಯೂ ಅದಕ್ಕೇ ಹೆಚ್ಚು ಬೆಲೆ ಕಟ್ಟುತ್ತಾನೆ. ಯಾರಿಗೂ ಬೇಡವಾಗಿ, ಮೂಲೆಯಲ್ಲಿ ಉಳಿದ ಸಣಕಲು ಹುಂಜವೇ ಮುಂದಿನ ವರ್ಷದ ಎಲ್ಲ ಮರಿಗಳಿಗೂ ತಂದೆಯಾಗುತ್ತದೆ. ಐದಾರು ವರ್ಷಗಳ ತರುವಾಯ "ಜವಾರಿ ಕೋಳಿಯಲ್ಲಿ ಈಗ ಮೊದಲಿನ ಸತ್ವ ಉಳಿದಿಲ್ಲ" ಎಂಬ ಮಾತು ಕೇಳಿಬರುತ್ತದೆ. ಸತ್ವ ತಾನಾಗಿ ಎಲ್ಲಿಗೂ ಹೋಗಲಿಲ್ಲ. ಅದನ್ನು ವರ್ಷವರ್ಷವೂ ಆರಿಸಿ ಮಾರಲಾಯಿತು, ಇಲ್ಲವೆ ಅಡಿಗೆಯ ಮನೆಗೆ ಒಯ್ಯಲಾಯಿತು.

ಕೋಳಿಯ ತಳಿ ಸುಧಾರಿಸುವುದೂ ಕೆಡುವುದೂ ಮಾರುವ ಗಳಿಗೆಯಲ್ಲಿಯೇ ನಿರ್ಧಾರವಾಗುತ್ತದೆ. ಯಾವುದನ್ನು ಮಾರಬಾರದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಉಳಿದವನ್ನು ಮಾರುವ ಮನೆಯಲ್ಲಿ ತಳಿ ಉಳಿಯುತ್ತದೆ. ಅಕ್ಕಲಕೋಟೆ ತಾಲೂಕಿನ ತಡವಳದಂಥ ಊರುಗಳಲ್ಲಿ ಇದು ಬರಿಯ ಹವ್ಯಾಸದ ಮಾತಲ್ಲ. ತತ್ತಿ ಮಾರಿ ಬಂದ ದುಡ್ಡು ಬಹುತೇಕ ಮನೆಯ ಹೆಣ್ಣುಮಕ್ಕಳ ಕೈಯಲ್ಲಿಯೇ ಉಳಿಯುವಂಥದು. ಮಕ್ಕಳ ನೋಟುಬುಕ್ಕು, ಪೆನ್ನು, ಔಷಧಿಯ ಖರ್ಚು ಅದರಿಂದ ಸಾಗುತ್ತದೆ. ದೇಶದ 2019ರ ಜಾನುವಾರು ಗಣತಿಯಲ್ಲಿ ಕೋಳಿ ಮೊದಲಾದ ಸಾಕುಹಕ್ಕಿಗಳ ಒಟ್ಟು ಸಂಖ್ಯೆ ಸುಮಾರು 85 ಕೋಟಿ. ಅದರಲ್ಲಿ ಹಿತ್ತಲಿನವು ಸುಮಾರು 31.7 ಕೋಟಿ. ಹಿಂದಿನ 2012ರ ಗಣತಿಗಿಂತ ಹಿತ್ತಲಿನ ಹಕ್ಕಿಗಳು ಶೇಕಡಾ 45ಕ್ಕೂ ಮಿಕ್ಕಿ ಹೆಚ್ಚಿವೆ. ಸಂಖ್ಯೆ ಬೆಳೆದಿದೆ, ಗುಣ ಬೆಳೆಯಬೇಕಾದರೆ ಆಯ್ಕೆ ಬೇಕು.

ಜವಾರಿ ಯಾವುದು, ಅಲ್ಲದ್ದು ಯಾವುದು

ಕನ್ನಡದಲ್ಲಿ ಜವಾರಿ ಎಂದೂ ಮರಾಠಿಯಲ್ಲಿ ಗಾವರಾನ್ ಎಂದೂ ಕರೆಯುವ ಕೋಳಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಇರುವುದರಿಂದ, ಆ ಹೆಸರಿನಲ್ಲಿ ಬೇರೆ ಬೇರೆ ಬಗೆಯ ಕೋಳಿಗಳು ಮಾರಾಟಕ್ಕೆ ಬರುತ್ತವೆ. ಕಂದು ಬಣ್ಣದ ತತ್ತಿ ಇಡುವ ಫಾರ್ಮಿನ ಕೋಳಿಯನ್ನೂ ಅದರ ಗರಿಯ ಬಣ್ಣ ನೋಡಿ ಜವಾರಿ ಎಂದು ನಂಬುವವರಿದ್ದಾರೆ. ತತ್ತಿಯ ಬಣ್ಣವಾಗಲಿ ಗರಿಯ ಬಣ್ಣವಾಗಲಿ ಜವಾರಿತನಕ್ಕೆ ಸಾಕ್ಷಿಯಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ ಮತ್ತು ಗ್ರಾಮಪ್ರಿಯಗಳು ಹಿತ್ತಲಿನ ಸಾಕಣೆಗೆಂದೇ ಸಿದ್ಧಪಡಿಸಿದ ಕೋಳಿಗಳು. ಬೇಗ ಬೆಳೆಯುತ್ತವೆ, ಜವಾರಿಗಿಂತ ಹೆಚ್ಚು ತತ್ತಿ ಕೊಡುತ್ತವೆ. ಅವನ್ನು ಸಾಕುವುದರಲ್ಲಿ ತಪ್ಪಿಲ್ಲ. ಆದರೆ ಅವು ಬೇರೆ ಬೇರೆ ಮೂಲಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳು. ಅವುಗಳ ತತ್ತಿಗಳನ್ನೇ ಕಾವಿಗಿಟ್ಟರೆ ಹುಟ್ಟುವ ಮರಿಗಳಲ್ಲಿ ತಂದೆತಾಯಿಯ ಗುಣ ಒಂದೇ ಸಮನಾಗಿ ಇಳಿಯುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಕಾವು ಕೂರುವುದು, ಇನ್ನೊಂದು ಕೂರದು. ಆದುದರಿಂದ ಅಂಥ ಕೋಳಿಗಳ ಮರಿಗಳನ್ನು ಪ್ರತಿ ಸಲವೂ ಮೂಲಕೇಂದ್ರದಿಂದಲೇ ತರಬೇಕಾಗುತ್ತದೆ. ಜವಾರಿ ಹಿಂಡಿನಲ್ಲಿ ಅವುಗಳ ಹುಂಜವನ್ನು ಬಿಟ್ಟರೆ ಮೊದಲ ವರ್ಷ ಮರಿಗಳು ದೊಡ್ಡದಾಗಿ ಕಂಡಾವು. ಮುಂದೆ ಕಾವು ಕೂರುವ ಗುಣ ಕರಗುತ್ತ ಹೋಗಿ, ಮರಿ ಮಾಡಿಸಲು ಯಂತ್ರವನ್ನೋ ಹೊರಗಿನ ಮರಿಯನ್ನೋ ಅವಲಂಬಿಸುವ ಸ್ಥಿತಿ ಬಂದೀತು.

ಹೆಸರಿನ ಮೋಹದಿಂದ ಆಗುವ ಹಾನಿಗೆ ಕಡಕನಾಥದ ಪ್ರಕರಣ ದೊಡ್ಡ ನಿದರ್ಶನ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಈ ಕಪ್ಪು ಕೋಳಿ ನಿಜಕ್ಕೂ ಉತ್ತಮವಾದ ದೇಶೀಯ ತಳಿ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದರ ಬೆನ್ನಿಗೇ ಪಶ್ಚಿಮ ಮಹಾರಾಷ್ಟ್ರದಲ್ಲಿ, ಮರಿಗಳನ್ನು ಕೊಟ್ಟು ತತ್ತಿಗಳನ್ನು ಭಾರಿ ಬೆಲೆಗೆ ಮರಳಿ ಕೊಳ್ಳುವುದಾಗಿ ಹೇಳಿ ರೈತರಿಂದ ಮುಂಗಡ ಹಣ ಕಟ್ಟಿಸಿಕೊಂಡ ಯೋಜನೆ ಹಬ್ಬಿತು. 2019ರಲ್ಲಿ ಅದು ಕುಸಿದು ಬಿದ್ದಾಗ ಸಾಂಗಲಿ ಜಿಲ್ಲೆಯ ಇಸ್ಲಾಂಪುರದಿಂದ ಪ್ರಕರಣ ಹೊರಬಿದ್ದು, ಸುತ್ತಲಿನ ಜಿಲ್ಲೆಗಳ ಸಾವಿರಾರು ರೈತರು ಹಣ ಕಳೆದುಕೊಂಡರು. ದೋಷ ಕೋಳಿಯದಲ್ಲ. ಹಕ್ಕಿಯ ಗುಣವನ್ನು ನೋಡದೆ ಹೆಸರಿನ ಬೆಲೆಯನ್ನು ಮಾತ್ರ ನೋಡಿದ್ದರ ಫಲವದು. ಇಂದಿಗೂ ಕಡಕನಾಥ ಕೊಳ್ಳುವವರು ಎರಡು ಸಂಗತಿಗಳನ್ನು ನೆನಪಿಡಬೇಕು: ಆ ಕೋಳಿಯ ಚರ್ಮ, ನಾಲಗೆ, ಮಾಂಸ ಕಪ್ಪಾದರೂ ತತ್ತಿ ಕಪ್ಪಲ್ಲ, ತಿಳಿಗಂದು ಬಣ್ಣದ್ದು, ಮತ್ತು ಬೇರೆ ಕೋಳಿಯೊಡನೆ ಬೆರೆತ ಮರಿಗಳೂ ಕಪ್ಪಾಗಿಯೇ ಕಾಣಬಹುದು.

ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಕೇಂದ್ರವು ದೇಶದ ಕೋಳಿ ತಳಿಗಳನ್ನು ಗುರುತಿಸಿ ದಾಖಲಿಸುತ್ತದೆ. ಕಾದಾಟದ ಹುಂಜವೆಂದು ಹೆಸರಾದ ಅಸೀಲ್, ಮಧ್ಯಪ್ರದೇಶದ ಕಡಕನಾಥ, ಆಂಧ್ರ ಮತ್ತು ಕರ್ನಾಟಕದ ಘಾಗಸ್, ಗುಜರಾತು ಮತ್ತು ಮಹಾರಾಷ್ಟ್ರದ ಬುಸ್ರಾ, ಕೇರಳದ ತಲಶ್ಶೇರಿ ಆ ಪಟ್ಟಿಯಲ್ಲಿವೆ. ಗಡಿಸೀಮೆಯ ಹಿತ್ತಲಿನ ಕೋಳಿಗೆ ಅಂಥ ಪ್ರತ್ಯೇಕ ಹೆಸರಿಲ್ಲ. ಆದರೂ 40 ಡಿಗ್ರಿ ಮೀರುವ ಸೊಲ್ಲಾಪುರದ ಬೇಸಗೆಯಲ್ಲಿ, ಉದುರಿದ ಜೋಳ, ಹುಳು, ಹುಲ್ಲು ತಿಂದು, ತಾನೇ ಕಾವು ಕುಳಿತು, ಗಿಡುಗನಿಂದ ಮರಿಗಳನ್ನು ಕಾದು ತಲೆತಲಾಂತರದಿಂದ ಬದುಕಿ ಬಂದ ಹಕ್ಕಿ ಅದು. ಹೆಸರಿಲ್ಲದಿದ್ದರೂ ಅದಕ್ಕೆ ಪರಂಪರೆಯಿದೆ. ಅದನ್ನು ಉತ್ತಮಪಡಿಸುವ ಕೆಲಸ ಮನೆಯಲ್ಲಿಯೇ ಆಗಬೇಕು.

ಹೇಂಟೆಯ ಪರೀಕ್ಷೆ

ಆಯ್ಕೆಗೆ ಮೊದಲು, ಕೋಳಿಯಿಂದ ಏನು ಬೇಕು ಎಂಬುದನ್ನು ನಿಶ್ಚಯಿಸಬೇಕು. ಮನೆಮಾತಿನಲ್ಲಿ ಹ್ಯಾಟಿ ಎನ್ನುವ ಜವಾರಿ ಹೇಂಟೆಯು ವರ್ಷಕ್ಕೆ ಮೂರು ನಾಲ್ಕು ಸರದಿಯಲ್ಲಿ, ಒಂದೊಂದು ಸರದಿಗೆ ಹತ್ತರಿಂದ ಹದಿನೈದರಂತೆ, ಸುಮಾರು 40ರಿಂದ 80 ತತ್ತಿ ಇಡುತ್ತದೆ. ಫಾರ್ಮಿನ ಕೋಳಿ 300ರವರೆಗೆ ಇಡುತ್ತದೆ. ಆದರೆ ಅದು ಕಾವು ಕೂರುವುದನ್ನೇ ಮರೆತಿದೆ. ತತ್ತಿಯ ಸಂಖ್ಯೆಯೊಂದನ್ನೇ ಹಿಡಿದು ಹಲವು ಪೀಳಿಗೆ ಆರಿಸಿದ್ದರ ಪರಿಣಾಮವದು. ಅಂತೆಯೇ ಮೈತೂಕವೊಂದನ್ನೇ ನೋಡಿ ಆರಿಸಿದರೆ ತತ್ತಿಗಳು ಕಡಿಮೆಯಾಗುತ್ತವೆ. ಭಾರವಾದ ಕೋಳಿ ಕಾವಿನಲ್ಲಿ ತತ್ತಿಗಳನ್ನು ತುಳಿದು ಒಡೆಯುವುದೂ ಉಂಟು. ಹಿತ್ತಲಿನ ಹೇಂಟೆಗೆ ನಾಲ್ಕು ಗುಣ ಬೇಕು: ರೋಗ ಮತ್ತು ಬಿಸಿಲನ್ನು ತಾಳುವುದು, ಮೇವನ್ನು ತಾನೇ ಹುಡುಕುವುದು, ತಕ್ಕಮಟ್ಟಿಗೆ ತತ್ತಿ ಇಡುವುದು, ಮರಿಗಳನ್ನು ಬದುಕಿಸಿ ಬೆಳೆಸುವುದು. ಕೊನೆಯದೇ ಮುಖ್ಯವಾದರೂ ಅದನ್ನು ಯಾರೂ ಎಣಿಸುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕೆಂಪು ಹೇಂಟೆ 14 ತತ್ತಿಯಿಟ್ಟು, 11 ಮರಿ ಒಡೆದು, ಎರಡು ತಿಂಗಳಿಗೆ 8 ಮರಿಗಳನ್ನು ಉಳಿಸಿಕೊಂಡಿತು. ಕರಿಯ ಹೇಂಟೆ 18 ತತ್ತಿಯಿಟ್ಟು, 9 ಮರಿ ಒಡೆದು, 3 ಉಳಿಸಿಕೊಂಡಿತು. ತತ್ತಿ ಎಣಿಸುವವರು ಕರಿಯದನ್ನು ಮೆಚ್ಚುತ್ತಾರೆ. ಎರಡು ತಿಂಗಳ ಮರಿಗಳನ್ನು ಎಣಿಸುವವರು ಕೆಂಪನ್ನು ಆರಿಸುತ್ತಾರೆ. ಆದರೆ ಒಂದೇ ಸರದಿಯಿಂದ ತೀರ್ಪು ಕೊಡಬಾರದು. ಒಂದು ಸಲ ಗಿಡುಗ ಎರಗಿದ್ದೀತು, ಇನ್ನೊಂದು ಸಲ ಹುಂಜವೇ ಬಡಕಲಾಗಿ ತತ್ತಿ ಬರಿದಾಗಿದ್ದೀತು. ಎರಡು ಮೂರು ಸರದಿಗಳ ಲೆಕ್ಕ ನೋಡಿದ ಬಳಿಕವೇ ಹೇಂಟೆಯ ಯೋಗ್ಯತೆ ತಿಳಿಯುತ್ತದೆ. ಮೈತೂಕ ತಂದೆತಾಯಿಯಿಂದ ಮಕ್ಕಳಿಗೆ ಸುಲಭವಾಗಿ ಇಳಿಯುವ ಗುಣ; ತತ್ತಿಯ ಸಂಖ್ಯೆ ಹಾಗೂ ಬದುಕುಳಿಯುವ ಶಕ್ತಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಒಂದು ಹೇಂಟೆಯನ್ನಷ್ಟೇ ನೋಡದೆ ಅದರ ಅಕ್ಕತಂಗಿಯರನ್ನೂ ಹೆಣ್ಣುಮರಿಗಳನ್ನೂ ನೋಡಬೇಕು. ಮನೆತನ ನೋಡಿ ಸಂಬಂಧ ಮಾಡುವುದೆಂದರೆ ಇದೇ.

ಲೆಕ್ಕದ ಜೊತೆಗೆ ಕೈಯ ಪರೀಕ್ಷೆಯೂ ಬೇಕು. ಸಂಜೆ ಕೋಳಿಗಳು ಗೂಡಿಗೆ ಸೇರಿ ಶಾಂತವಾದಾಗ ಒಂದೊಂದಾಗಿ ಕೈಗೆತ್ತಿಕೊಳ್ಳುವುದು ಒಳ್ಳೆಯದು. ಕಣ್ಣು ದುಂಡಗೆ, ಹೊಳಪಾಗಿ, ನೀರು ಸುರಿಸದೆ ಇರಬೇಕು. ಜುಟ್ಟು ಕೆಂಪಾಗಿ, ಮುಟ್ಟಿದರೆ ಮೆತ್ತಗೆ, ಬೆಚ್ಚಗೆ ಇರಬೇಕು. ಎದೆಮೂಳೆ ನೆಟ್ಟಗಿರಬೇಕು, ಬೆರಳು ಎಳೆದಾಗ ಡೊಂಕು ಸಿಕ್ಕಿದರೆ ಆ ಕೋಳಿ ತಳಿಗೆ ಬೇಡ. ಬಾಲದ ಕೆಳಗೆ, ತತ್ತಿ ಬರುವ ದ್ವಾರದ ಎರಡೂ ಬದಿಗೆ ಎರಡು ಚೂಪು ಮೂಳೆಗಳು ಕೈಗೆ ಹತ್ತುತ್ತವೆ. ತತ್ತಿ ಇಡುತ್ತಿರುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಬೆರಳಿಗೆ ಕಡಿಮೆಯಿಲ್ಲದಷ್ಟು ಅಂತರವಿರುತ್ತದೆ, ಹೊಟ್ಟೆ ಮೆದುವಾಗಿರುತ್ತದೆ, ದ್ವಾರ ಅಗಲವಾಗಿ ತೇವವಾಗಿರುತ್ತದೆ. ತತ್ತಿ ನಿಲ್ಲಿಸಿದ ಹೇಂಟೆಯಲ್ಲಿ ಮೂಳೆಗಳು ಒಂದೇ ಬೆರಳಿನಷ್ಟು ಹತ್ತಿರ ಬಂದಿರುತ್ತವೆ. ಅಮೆರಿಕದ ವಾಲ್ಟರ್ ಹೋಗನ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಬಗೆಯ ಕೈಪರೀಕ್ಷೆಯನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಆದರೆ ಕಾವು ಕುಳಿತ ಅಥವಾ ಪುಕ್ಕ ಉದುರಿಸುತ್ತಿರುವ ಹೇಂಟೆಯನ್ನು ಈ ಪರೀಕ್ಷೆಯಿಂದ ತಿರಸ್ಕರಿಸಬಾರದು. ಆ ಕಾಲದಲ್ಲಿ ಯಾವ ಜವಾರಿ ಕೋಳಿಯೂ ತತ್ತಿ ಇಡುವುದಿಲ್ಲ.

ಕತ್ತರಿಯಂತೆ ತಪ್ಪಿ ಕೂಡುವ ಕೊಕ್ಕು, ತಿರುಚಿದ ಕಾಲ್ಬೆರಳು, ಗೂನು ಬೆನ್ನು, ಒಂದೇ ಪಕ್ಕಕ್ಕೆ ವಾಲಿದ ಬಾಲ, ಹುಟ್ಟು ಕುಂಟು, ಇವುಳ್ಳ ಕೋಳಿಯನ್ನು ಎಷ್ಟೇ ತತ್ತಿ ಇಟ್ಟರೂ ತಳಿಗೆ ಬಳಸಬಾರದು. ರೋಗ ಬಂದು ಕುತ್ತಿಗೆ ತಿರುಚಿಕೊಂಡೋ ಸದಾ ಉಬ್ಬಸಪಡುತ್ತಲೋ ಉಳಿದದ್ದೂ ಹಾಗೆಯೇ. ಇನ್ನು ಕೆಲವು ಗುಣಗಳನ್ನು ಕುರೂಪವೆಂದು ತಪ್ಪಾಗಿ ತಿಳಿದು ಕೈಬಿಡಲಾಗುತ್ತದೆ. ಕುತ್ತಿಗೆಯಲ್ಲಿ ಗರಿಯಿಲ್ಲದ ಬೋಳುಕುತ್ತಿಗೆಯ ಕೋಳಿ ಅವುಗಳಲ್ಲಿ ಒಂದು. ಆ ಗುಣವುಳ್ಳ ಹಕ್ಕಿಗೆ ಮೈಮೇಲೆಲ್ಲ ಗರಿ ಕಡಿಮೆಯಿರುವುದರಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ; ಉರಿಬಿಸಿಲಿನ ಸೀಮೆಗೆ ಅದು ವರ. ಗರಿಯ ಬಣ್ಣದಲ್ಲಿಯೂ ಹಾಗೆಯೇ: ಮಣ್ಣಿನಲ್ಲಿ, ಒಣಹುಲ್ಲಿನಲ್ಲಿ ಬೆರೆತುಹೋಗುವ ಕಂದು, ಚುಕ್ಕೆ, ಪಟ್ಟೆಯ ಕೋಳಿ ಗಿಡುಗನ ಕಣ್ಣಿಗೆ ಅಚ್ಚಬಿಳಿಯ ಕೋಳಿಯಷ್ಟು ಬೇಗ ಬೀಳುವುದಿಲ್ಲ. ಅಂದಕ್ಕಿಂತ ಬದುಕು ಮೊದಲು.

ಹುಂಜವೇ ಅರ್ಧ ಹಿಂಡು

ಹತ್ತು ಹೇಂಟೆಗಳಲ್ಲಿ ಒಂದು ಕೆಟ್ಟದಾದರೆ ಕೆಡುವುದು ಅದರ ಮರಿಗಳಷ್ಟೇ. ಇರುವ ಒಂದೇ ಹುಂಜ ಕೆಟ್ಟದಾದರೆ ಆ ವರ್ಷದ ಎಲ್ಲ ಮರಿಗಳಲ್ಲಿ ಅದರ ಪಾಲು ಇರುತ್ತದೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಇಪ್ಪತ್ತು ಗಂಡುಮರಿಗಳಲ್ಲಿ ಒಂದನ್ನೇ ಉಳಿಸಿಕೊಳ್ಳುವ ಅವಕಾಶವಿರುವುದರಿಂದ ಆಯ್ಕೆಯ ಬಿಗಿ ಇರಬೇಕಾದುದು ಇಲ್ಲಿಯೇ.

ಈ ಆಯ್ಕೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಎರಡು ತಿಂಗಳಿಗೆ ಮೊದಲ ನೋಟ: ಬೆಳವಣಿಗೆಯಲ್ಲಿ ತೀರ ಹಿಂದುಳಿದವನ್ನೂ ಅಂಗದೋಷವುಳ್ಳವನ್ನೂ ಬೇರೆ ಮಾಡಬೇಕು. ನಾಲ್ಕು ತಿಂಗಳಿಗೆ ಎರಡನೆಯ ನೋಟ: ಎಲ್ಲವನ್ನೂ ತೂಗಿ, ಒಳ್ಳೆಯ ನಾಲ್ಕೈದನ್ನು ಉಳಿಸಿ, ಮಿಕ್ಕವನ್ನು ಮಾರಬಹುದು. ಆರೇಳು ತಿಂಗಳಿಗೆ ಮೂರನೆಯ ನೋಟ: ಕಾಲುಗಳು ಗಟ್ಟಿಯಾಗಿ, ನೆಟ್ಟಗೆ, ಒಂದಕ್ಕೊಂದು ತಗಲದಂತೆ ಅಗಲವಾಗಿ ನಿಂತಿವೆಯೆ, ಬೆನ್ನು ಅಗಲವಾಗಿದೆಯೆ, ಎದೆ ತುಂಬಿದೆಯೆ ಎಂದು ಪರೀಕ್ಷಿಸಿ ಒಂದನ್ನೋ ಎರಡನ್ನೋ ಬೀಜಕ್ಕೆ ಬಿಡಬೇಕು. ಮೇವು ಕಂಡಾಗ ಹೇಂಟೆಗಳನ್ನು ಕರೆದು ಉಣಿಸುವ, ನೆರಳು ಹಾದರೆ ಎಚ್ಚರಿಕೆಯ ಕೂಗು ಹಾಕುವ ಹುಂಜ ಮರಿಗಳಿಗೆ ರಕ್ಷೆ. ಮಕ್ಕಳ ಮೇಲೆ ಹಾರಿ ಕುಕ್ಕುವ, ಹೇಂಟೆಗಳ ಬೆನ್ನಿನ ಗರಿ ಕಿತ್ತು ಗಾಯಮಾಡುವ ಹುಂಜವನ್ನು ಗಾತ್ರ ನೋಡಿ ಉಳಿಸಿಕೊಳ್ಳಬಾರದು. ಸಿಡುಕು ಸ್ವಭಾವವೂ ಮರಿಗಳಿಗೆ ಇಳಿಯುತ್ತದೆ. ಜಗಳಗಂಟ ಹುಂಜವನ್ನು ಕಾದಾಟಕ್ಕೆಂದು ಸಾಕುವವರೂ ಉಂಟು. ಹಕ್ಕಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೆಂಬುದು ತಿಳಿದಿರಬೇಕು.

ಹುಂಜ ತತ್ತಿ ಇಡುವುದಿಲ್ಲ. ಆದರೆ ತಾಯಿಯ ತತ್ತಿಯ ಗುಣವನ್ನು ತನ್ನ ಹೆಣ್ಣುಮರಿಗಳಿಗೆ ಸಾಗಿಸುತ್ತದೆ. ಆದುದರಿಂದ ಎರಡು ಹುಂಜಗಳು ಸರಿಸಮವಾಗಿ ಕಂಡಾಗ, ಹೆಚ್ಚು ಮರಿ ಬದುಕಿಸಿದ ಹೇಂಟೆಯ ಮಗನನ್ನೇ ಆರಿಸಬೇಕು. ಮೇಲಿನ ಉದಾಹರಣೆಯ ಕೆಂಪು ಹೇಂಟೆಯ ಮಗ ಕರಿಯ ಹೇಂಟೆಯ ಮಗನಿಗಿಂತ ಸ್ವಲ್ಪ ಚಿಕ್ಕದಾದರೂ ಬೀಜಕ್ಕೆ ಅದೇ ಮೇಲು.

ಈ ಬಗೆಯ ಆಯ್ಕೆ ಫಲ ಕೊಡುತ್ತದೆ ಎಂಬುದಕ್ಕೆ ದೂರದ ದೇಶದ ಸಾಕ್ಷಿಯೊಂದಿದೆ. ಅಮೆರಿಕದ ಓಹಾಯೋ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೆಟ್ಟಿ ಮೆಟ್‌ಕಾಫ್ ಎಂಬ ಮಹಿಳೆ ಬೇರೆ ಬೇರೆ ತಳಿಗಳ ಕೋಳಿಗಳನ್ನು ಕೂಡಿಸಿ, ಅವುಗಳ ಮರಿಗಳಲ್ಲಿ ಆರಿಸುತ್ತ ಹೋಗಿ, ಚಳಿಯನ್ನು ತಾಳುವ ಬಕ್‌ಆಯ್ ಎಂಬ ತಳಿಯನ್ನು ರೂಪಿಸಿದರು. 1904ರಲ್ಲಿ ಅದಕ್ಕೆ ಆ ದೇಶದ ಮಾನ್ಯತೆ ದೊರೆಯಿತು. ನೂರು ವರ್ಷಗಳ ತರುವಾಯ ಆ ತಳಿ ಅಳಿವಿನ ಅಂಚಿಗೆ ಬಂದು, ಮೈಯೂ ಸೊರಗಿತ್ತು. ಅಲ್ಲಿನ ತಳಿಸಂರಕ್ಷಣಾ ಸಂಸ್ಥೆಯೊಂದು ಹೊರಗಿನ ರಕ್ತ ಬೆರೆಸದೆ, ಮರಿಗಳನ್ನು ತೂಗಿ, ಕೈಯಿಂದ ಪರೀಕ್ಷಿಸಿ ಆರಿಸುತ್ತ ಕೆಲವೇ ಪೀಳಿಗೆಗಳಲ್ಲಿ ಅದರ ಬೆಳವಣಿಗೆಯನ್ನು ಮರಳಿ ತಂದಿತು.

ನಾಲ್ಕು ಮನೆಗಳ ಸುತ್ತು

ಒಳ್ಳೆಯ ಹುಂಜ ಸಿಕ್ಕಿತೆಂದು ಅದನ್ನೇ ನಾಲ್ಕಾರು ವರ್ಷ ಇಟ್ಟುಕೊಂಡರೆ ಇನ್ನೊಂದು ಕೇಡು ಕಾದಿರುತ್ತದೆ. ಅದರ ಹೆಣ್ಣುಮರಿಗಳು ಬೆಳೆದು ಅದರೊಡನೆಯೇ ಕೂಡುತ್ತವೆ. ಇಂಥ ರಕ್ತಸಂಬಂಧದ ಕೂಟದಿಂದ ಬರಿದಾದ ತತ್ತಿಗಳು ಹೆಚ್ಚುತ್ತವೆ, ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ, ಹುಟ್ಟಿದವು ರೋಗಕ್ಕೆ ಬೇಗ ತುತ್ತಾಗುತ್ತವೆ. ಒಂದು ಹುಂಜ, ಹತ್ತು ಹೇಂಟೆಗಳ ಹಿಂಡನ್ನು ಹೊರಗಿನಿಂದ ಏನನ್ನೂ ತರದೆ ಮುಂದುವರಿಸಿದರೆ ಒಂದೊಂದು ಪೀಳಿಗೆಗೂ ರಕ್ತಸಂಬಂಧದ ಪ್ರಮಾಣ ಸುಮಾರು ಶೇಕಡಾ 14ರಷ್ಟು ಏರುತ್ತದೆ ಎಂದು ತಳಿಶಾಸ್ತ್ರದ ಲೆಕ್ಕ ಹೇಳುತ್ತದೆ. ಅದೇ ನಾಲ್ಕು ಹುಂಜ, ನಲವತ್ತು ಹೇಂಟೆಗಳು ಒಂದು ಹಿಂಡಿನಂತೆ ನಡೆದರೆ ಏರಿಕೆ ಶೇಕಡಾ 3.5ನ್ನು ಮೀರುವುದಿಲ್ಲ.

ನಲವತ್ತು ಹೇಂಟೆಗಳನ್ನು ಒಂದೇ ಮನೆಯವರು ಸಾಕಬೇಕಾಗಿಲ್ಲ. ಒಂದೇ ಓಣಿಯ, ಅಥವಾ ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ನಾಲ್ಕು ಮನೆಗಳು ಕೂಡಿಕೊಂಡರೆ ಸಾಕು. ಪ್ರತಿ ಮನೆಯಲ್ಲಿ ಹತ್ತು ಹೇಂಟೆ, ಒಂದು ಹುಂಜ. ವರ್ಷಕ್ಕೊಮ್ಮೆ ಮೊದಲ ಮನೆಯಲ್ಲಿ ಹುಟ್ಟಿ ಆಯ್ಕೆಯಾದ ಎಳೆಯ ಹುಂಜ ಎರಡನೆಯ ಮನೆಗೆ, ಎರಡನೆಯದರ ಹುಂಜ ಮೂರನೆಯದಕ್ಕೆ, ಮೂರನೆಯದರದು ನಾಲ್ಕನೆಯದಕ್ಕೆ, ನಾಲ್ಕನೆಯದರದು ಮೊದಲನೆಯದಕ್ಕೆ ಹೋಗಬೇಕು. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲಿಯೇ ಉಳಿಯುತ್ತವೆ. ಮನುಷ್ಯರಲ್ಲಿ ಮಗಳು ಮನೆ ಬಿಟ್ಟು ಹೋಗುವುದು ರೂಢಿ; ಇಲ್ಲಿ ಎಲ್ಲ ಹುಂಜಗಳೂ ಮನೆಅಳಿಯಂದಿರು. ಸುತ್ತು ಯಾವಾಗಲೂ ಒಂದೇ ದಿಕ್ಕಿಗೆ ನಡೆಯಬೇಕು ಎಂಬುದೊಂದೇ ಕಟ್ಟಳೆ. ಹಿಂದಿನ ವರ್ಷದ ಹುಂಜಗಳನ್ನು ಆಗ ಮಾರಬಹುದು. ಅವುಗಳ ಮಕ್ಕಳು ಬೀಜಕ್ಕೆ ಉಳಿದಿರುತ್ತವೆ.

ಈ ಒಪ್ಪಂದ ನಿಲ್ಲಬೇಕಾದರೆ ನಾಲ್ಕೂ ಮನೆಗಳು ಒಂದು ಮಾತಿಗೆ ಬದ್ಧವಾಗಬೇಕು: ನೆರೆಮನೆಗೆ ಕೊಡುವುದು ತನ್ನಲ್ಲಿ ಉಳಿದದ್ದನ್ನಲ್ಲ, ತನ್ನಲ್ಲಿ ಉತ್ತಮವಾದುದನ್ನು. ಒಂದು ಮನೆ ಸಣಕಲು ಹುಂಜವನ್ನು ದಾಟಿಸಿದರೆ ಮುಂದಿನ ವರ್ಷ ಅದರ ಮಕ್ಕಳು ಮೂರನೆಯ ಮನೆಗೆ, ಕಾಲಕ್ರಮದಲ್ಲಿ ಸುತ್ತು ಬಂದು ತನ್ನ ಮನೆಗೇ ಸೇರುತ್ತವೆ.

ತರುವಾಗ, ಕಾವಿಗೆ ಇಡುವಾಗ

ಹೊಸದಾಗಿ ಆರಂಭಿಸುವವರು ಸಂತೆಯಿಂದ ಬೆಳೆದ ಕೋಳಿ ತರುವುದಕ್ಕಿಂತ, ತಂದೆತಾಯಿಗಳನ್ನು ಕಣ್ಣಾರೆ ನೋಡಬಹುದಾದ ಮೂರು ನಾಲ್ಕು ಮನೆಗಳಿಂದ ತತ್ತಿಗಳನ್ನು ತಂದು ಕಾವಿಗಿಡುವುದು ಲೇಸು. ಖರ್ಚು ಕಡಿಮೆ, ಸಂತೆಯಲ್ಲಿ ಹತ್ತುವ ಹೇನು, ನೆಗಡಿ, ರಾಣಿಖೇತ ರೋಗಗಳ ಭಯವೂ ಕಡಿಮೆ. ಆದರೆ ಬಿಳಿಭೇದಿಯಂಥ ಕೆಲವು ರೋಗಗಳು ತಾಯಿಯಿಂದ ತತ್ತಿಯ ಮೂಲಕವೇ ಮರಿಗೆ ಬರುವುದರಿಂದ, ಎಳೆಯ ಮರಿಗಳು ಭೇದಿಯಿಂದ ಗುಂಪಾಗಿ ಸತ್ತ ಮನೆಯ ತತ್ತಿ ಬೇಡ. ಬೆಳೆದ ಕೋಳಿಯನ್ನೇ ತರಬೇಕಾದರೆ ಮೂರು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನ ಪಾತ್ರೆಯೊಡನೆ ಇಟ್ಟು ನೋಡಿ ಆಮೇಲೆ ಹಿಂಡಿಗೆ ಬಿಡಬೇಕು.

ಕಾವಿಗೆ ಇಡುವ ತತ್ತಿಗಳಲ್ಲಿಯೂ ಆಯ್ಕೆಯುಂಟು. ತೀರ ದೊಡ್ಡದು, ತೀರ ಚಿಕ್ಕದು, ದುಂಡಗಿರುವುದು, ಚಿಪ್ಪು ತೆಳುವಾದುದು, ಬಿರುಕು ಬಿಟ್ಟದ್ದು ಬೇಡ. ಇಟ್ಟು ಒಂದು ವಾರ ಮೀರಿದ ತತ್ತಿ ಒಡೆಯುವುದು ಕಡಿಮೆ. ಬೇಸಗೆಯಲ್ಲಿ ತತ್ತಿಯೊಳಗಿನ ಜೀವ ಕಾವಿಗೆ ಮೊದಲೇ ಅರೆಬರೆ ಬೆಳೆಯತೊಡಗಿ ಸಾಯುತ್ತದೆ. ಆದ್ದರಿಂದ ಬುಟ್ಟಿಯನ್ನು ಒದ್ದೆ ಮರಳಿನ ಮೇಲೆ, ತಂಪು ಮೂಲೆಯಲ್ಲಿ, ತತ್ತಿಯ ಅಗಲ ತುದಿ ಮೇಲಾಗುವಂತೆ ಇಡಬೇಕು. ಬೀಜಕ್ಕೆ ಬಿಡುವ ಮರಿಗಳನ್ನು ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಮಾಡಿಸುವುದು ಈ ಸೀಮೆಗೆ ಹೊಂದುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲು ಬೀಳುವ ಹೊತ್ತಿಗೆ ಅವು ಗಟ್ಟಿಯಾಗಿರುತ್ತವೆ. ಏಳನೆಯ ರಾತ್ರಿ ಕತ್ತಲೆಯಲ್ಲಿ ಬ್ಯಾಟರಿಯ ಬೆಳಕಿಗೆ ಹಿಡಿದರೆ ಜೀವವುಳ್ಳ ತತ್ತಿಯಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ; ಬರಿದಾದುದು ತಿಳಿಯಾಗಿಯೇ ಇರುತ್ತದೆ. ಬರಿದಾದವು ಹೆಚ್ಚಾಗಿದ್ದರೆ ಹುಂಜದ ಕಡೆಗೆ ಗಮನ ಹರಿಸಬೇಕು.

ಕೊಕ್ಕರೆ ರೋಗವೆಂದೂ ಕರೆಯುವ ರಾಣಿಖೇತ ಬಂದರೆ ವರ್ಷಗಳ ಆಯ್ಕೆ ಒಂದು ವಾರದಲ್ಲಿ ಮಣ್ಣುಪಾಲಾಗುತ್ತದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹಾಕುವ ಹನಿಯನ್ನೂ ಎರಡು ತಿಂಗಳ ಹೊತ್ತಿಗೆ ಕೊಡುವ ಚುಚ್ಚುಮದ್ದನ್ನೂ ಪಶುವೈದ್ಯರನ್ನು ಕೇಳಿ ತಪ್ಪದೆ ಹಾಕಿಸಬೇಕು. ಒಂದು ಬಾಟಲಿ ಲಸಿಕೆ ಹಲವು ಹತ್ತು ಮರಿಗಳಿಗೆ ಆಗುವಂಥದು, ಒಡೆದ ಮೇಲೆ ಉಳಿಯುವಂಥದಲ್ಲ. ನಾಲ್ಕೂ ಮನೆಯವರು ಒಂದೇ ವಾರದಲ್ಲಿ ಕಾವು ಕೂರಿಸಿದರೆ 21 ದಿನಕ್ಕೆ ಮರಿಗಳೆಲ್ಲ ಒಟ್ಟಿಗೆ ಒಡೆದು, ಒಂದೇ ಬಾಟಲಿಯಲ್ಲಿ ಎಲ್ಲರ ಕೆಲಸ ಮುಗಿಯುತ್ತದೆ.

ಮಕ್ಕಳ ವಹಿ

ಇಷ್ಟೆಲ್ಲವೂ ನೆನಪಿನಲ್ಲಿ ಉಳಿಯುವಂಥದಲ್ಲ. ಯಾವ ಹುಂಜ ಯಾವ ಹೇಂಟೆಯ ಮಗ ಎಂಬುದು ಆರು ತಿಂಗಳ ಬಳಿಕ ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಬರವಣಿಗೆ ಬೇಕು. ಈ ಕೆಲಸಕ್ಕೆ ಶಾಲೆಗೆ ಹೋಗುವ ಮಗುವಿಗಿಂತ ತಕ್ಕವರಿಲ್ಲ. ಹಳೆಯ ನೋಟುಬುಕ್ಕಿನಲ್ಲಿ ಒಂದು ಹೇಂಟೆಗೆ ಒಂದು ಪುಟ. ಗೆರೆ ಎಳೆದು ಏಳು ಅಂಕಣ ಮಾಡಿದರೆ ಸಾಕು: ಮೊದಲ ತತ್ತಿಯ ದಿನ, ಒಟ್ಟು ತತ್ತಿ, ಕಾವಿಗೆ ಇಟ್ಟದ್ದು, ಒಡೆದ ಮರಿ, ಎರಡು ತಿಂಗಳಿಗೆ ಉಳಿದ ಮರಿ, ಸತ್ತದ್ದಕ್ಕೆ ಕಾರಣ, ತಂದೆ ಹುಂಜ ಯಾವ ಮನೆಯದು. ಗುರುತಿಗೆ ಹೇಂಟೆಯ ಕಾಲಿಗೊಂದು ಬಣ್ಣದ ದಾರವನ್ನು ಸಡಿಲಾಗಿ ಕಟ್ಟಿ, ಅದರ ಮರಿಗಳಿಗೂ ಅದೇ ಬಣ್ಣ ಕಟ್ಟಬೇಕು. ಕಾಲು ದಪ್ಪವಾದಂತೆ ಬಿಚ್ಚಿ ಹೊಸದಾಗಿ ಕಟ್ಟದಿದ್ದರೆ ದಾರ ಚರ್ಮಕ್ಕೆ ಇಳಿಯುತ್ತದೆ.

ಐದನೆಯ ಅಂಕಣವನ್ನು ಮೂರನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೇಂಟೆಯ ನಿಜವಾದ ಅಂಕ ಸಿಗುತ್ತದೆ. ಕೆಂಪು ಹೇಂಟೆಯ 14 ತತ್ತಿಗಳನ್ನೂ ಕಾವಿಗಿಟ್ಟು 8 ಮರಿ ಉಳಿದಿದ್ದರೆ ಶೇಕಡಾ 57. ಕರಿಯದರ 18ಕ್ಕೆ 3 ಎಂದರೆ ಶೇಕಡಾ 17 ಕೂಡ ಇಲ್ಲ. ಗಣಿತದ ಪುಸ್ತಕದಲ್ಲಿ ಶತಮಾನ ಕಲಿಯುತ್ತಿರುವ ಮಗು ಇದನ್ನು ತಾಯಿಯ ಮುಂದೆ ಕುಳಿತು ತಾನೇ ಬಿಡಿಸಬಲ್ಲದು. ತಾಯಿಗೆ ಕೋಳಿಯ ಸ್ವಭಾವ ಗೊತ್ತು, ಮಗುವಿಗೆ ಲೆಕ್ಕ ಗೊತ್ತು. ಎರಡೂ ಕೂಡಿದಲ್ಲಿ ತಳಿಯ ಆಯ್ಕೆ ಸಿದ್ಧವಾಗುತ್ತದೆ. ಸತ್ತ ಮರಿಗಳ ಕಾರಣದ ಅಂಕಣವೂ ಬಹಳ ಹೇಳುತ್ತದೆ. ಅಲ್ಲಿ ಬೆಕ್ಕು, ಮುಂಗುಲಿ, ಗಿಡುಗ ಎಂದೇ ತುಂಬಿದ್ದರೆ ಹೊಸ ತಳಿಗಿಂತ ಮೊದಲು ಭದ್ರವಾದ ಗೂಡು ಬೇಕು.

ಮೊದಲ ವರ್ಷ ಫಲ ದೊಡ್ಡದಾಗಿ ಕಾಣಲಿಕ್ಕಿಲ್ಲ. ಮೂರು ನಾಲ್ಕು ವರ್ಷ ಬಿಡದೆ ನಡೆಸಿದರೆ ಬರಿದಾದ ತತ್ತಿ ಕಡಿಮೆಯಾಗಿ, ಉಳಿಯುವ ಮರಿಗಳ ಅಂಕಿ ವಹಿಯಲ್ಲಿ ಏರತೊಡಗುತ್ತದೆ. ಆರಂಭಕ್ಕೆ ಹಣ ಬೇಡ, ಹೊಸ ತಳಿಯೂ ಬೇಡ. ಮುಂದಿನ ಜಾತ್ರೆಗೆ ಮೊದಲು, ಕೊಳ್ಳುವವನು ಹಿತ್ತಲಿಗೆ ಕಾಲಿಡುವ ಮುನ್ನ, ಒಳ್ಳೆಯ ಹೇಂಟೆಯ ಒಳ್ಳೆಯ ಮಗನೊಂದನ್ನು ಆರಿಸಿ ಅದರ ಕಾಲಿಗೆ ದಾರ ಕಟ್ಟಬೇಕು. ಎಷ್ಟು ಬೆಲೆ ಬಂದರೂ ಅದನ್ನು ಮಾರಬಾರದೆಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು.